ಏಳು ಕೊಡ, ಒಂಬತ್ತು ಕೊಡ

ಮಂಜ ಉದಯಪುರದಿಂದ ಬಂದು ಹದಿನೈದು ದಿನ ಆಯಿತು. ಆದರೆ ಪೂರ್ತಿ ಬಂದಿಲ್ಲ. ಆಳು ಶಿರಸಿಯಲ್ಲಿದ್ದಾನೆ, ಬಾಯಿ ಇನ್ನೂ ಅಲ್ಲೇ ಇದೆ.

ದೇವಿಕೆರೆ ಹತ್ತಿರದ ಚಾದಂಗಡಿಯಲ್ಲಿ ದಿನಾ ಸಂಜೆ ಸೇರುವವರು ನಾವು ನಾಲ್ಕು ಜನ. ಝೆರಾಕ್ಸ್ ಅಂಗಡಿಯ ಮಂಜ, ರಿಟೈರ್ ಆದ ಮಾಸ್ತರು, ಅಡಿಕೆ ವಖಾರಿಯಲ್ಲಿ ಲೆಕ್ಕ ಬರೆಯುವ ಗಪ್ಪಿ, ಮತ್ತೆ ನಾನು. ಮೊದಲೆಲ್ಲ ಅಡಿಕೆ ದರ, ಮಂಗನ ಕಾಟ, ಯಾರ ಮಗ ಬೆಂಗಳೂರಿನಿಂದ ಬಂದ, ಇಷ್ಟೇ ಮಾತು. ಈಗ ಚಾ ಬರುವುದಕ್ಕೂ ಮೊದಲೇ ಮಂಜನ ಮೊಬೈಲ್ ಹೊರಗೆ ಬರುತ್ತದೆ.

"ನೋಡಿ ಮಾಸ್ತರೆ, ಇದು ಪಿಚೋಲಾ. ಕೆರೆ ಅಂದ್ರೆ ಹೀಗಿರಬೇಕು."

"ಹಂಗಾರೆ ಎದುರಿಗೆ ಇರೋದು ಎಂತದು?" ಗಪ್ಪಿ ದೇವಿಕೆರೆ ಕಡೆ ಗಲ್ಲ ಎತ್ತಿದ.

"ಇದೂ ಕೆರೆಯೇ. ಅಡ್ಡಿಲ್ಲ. ಆದ್ರೆ ನಡುವೆ ಅರಮನೆ ಎಲ್ಲಿದೆ?"

"ನೀನು ಆ ಅರಮನೆ ಒಳಗೆ ಹೋಗಿದ್ಯಾ?"

"ಅದು ಈಗ ಹೋಟ್ಲು ಮಾರಾಯ. ರೂಮಿನ ಬಾಡಿಗೆಗೆ ಒಂದು ಕ್ವಿಂಟಲ್ ಅಡಿಕೆ ಮಾರಬೇಕು. ದಡದಲ್ಲೇ ನಿಂತು ನೋಡಿದೆ. ಅಲ್ಲಿಂದಲೇ ಜಾಸ್ತಿ ಚೆಂದ."

ಮಾಸ್ತರು ಶಿರಸಿ ಬಿಟ್ಟು ಹೋಗುವುದು ಕಡಿಮೆ. ಆದರೆ ಅವರು ಓದದ ಊರಿಲ್ಲ. "ರಾಣಾ ಉದಯಸಿಂಹ ಆ ಊರು ಕಟ್ಟಿದ್ದು 1559ರಲ್ಲಿ. ಕೆರೆ ಅದಕ್ಕೂ ಹಳೇದು, 1362ರದ್ದು. ಕಟ್ಟಿಸಿದವನು ರಾಜ ಅಲ್ಲ, ಎತ್ತಿನ ಮೇಲೆ ಧಾನ್ಯ ಹೇರಿಕೊಂಡು ತಿರುಗುವ ಒಬ್ಬ ಬಂಜಾರ ಅಂತಾರೆ. ನೀನು ದಡದಿಂದ ನೋಡಿದ ಅರಮನೆ ಮುಗಿದಿದ್ದು 1746ರಲ್ಲಿ. ಹತ್ತತ್ರ ನಾಲ್ಕುನೂರು ವರ್ಷ ಕಾದಿದ್ದಾರೆ. ನಮ್ಮ ಕೆರೆಗೂ ಸ್ವಲ್ಪ ಟೈಮ್ ಕೊಡು."

"ಅರಮನೆ ಯಾಕೆ ಬೇಕು?" ಗಪ್ಪಿ ಬಿಡಲಿಲ್ಲ. "ಮಾರಿಕಾಂಬೆ ಸಿಕ್ಕಿದ್ದೇ ಈ ಕೆರೆಯಲ್ಲಿ. ಪೆಟ್ಟಿಗೆಯೊಳಗೆ ಬಿಡಿಬಿಡಿಯಾಗಿದ್ದ ಮೂರ್ತಿ ಅಂತ ನಮ್ಮಜ್ಜ ಹೇಳ್ತಿದ್ದ. ಜೋಡಿಸಿ ಪ್ರತಿಷ್ಠೆ ಮಾಡಿದ್ದು 1689ರಲ್ಲಿ. ನಿನ್ನ ಪಿಚೋಲಾದಲ್ಲಿ ಎಂತ ಸಿಕ್ತು? ಹೋಟ್ಲು."

ಮಂಜನಿಗೆ ಇದೆಲ್ಲ ತಾಗುವುದಿಲ್ಲ. ಅವನು ಆಗಲೇ ಗಣಗೌರ್ ಘಾಟ್ ಮೆಟ್ಟಿಲ ಪಕ್ಕದ ಬಾಗೋರ್ ಹವೇಲಿಗೆ ಹೋಗಿಯಾಗಿತ್ತು. ನೂರಕ್ಕೂ ಹೆಚ್ಚು ಕೋಣೆ ಇರುವ ಹಳೇ ಮನೆ ಅದು. ಸಂಜೆ ಏಳಕ್ಕೆ ಅಂಗಳದಲ್ಲಿ ಕುಣಿತ ಶುರು.

"ಒಬ್ಬಳು ಹೆಂಗಸು, ತಲೆ ಮೇಲೆ ಒಂಬತ್ತು ಕೊಡ ಇಟ್ಕೊಂಡು..."

"ಸೋಮವಾರ ಏಳು ಅಂದಿದ್ದೆ," ಎಂದೆ ನಾನು.

"ಆಮೇಲೆ ಎರಡು ಏರಿಸಿದರು. ಅಷ್ಟು ಹೊತ್ತು ಹಿತ್ತಾಳೆ ತಟ್ಟೆಯ ಅಂಚಿನ ಮೇಲೆ ಕುಣೀತಾಳೆ. ಭವಾಯಿ ಅಂತ ಹೆಸರು. ನಾನು ನೆಲದ ಮೇಲೆ ಚಕ್ಕಲಮಕ್ಕಲ ಹಾಕಿ, ಒಂದು ಗಂಟೆ ಅಲ್ಲಾಡದೆ ನೋಡಿದೆ."

ಗಪ್ಪಿ ಗ್ಲಾಸು ಕೆಳಗಿಟ್ಟ. "ನೀನು? ಒಂದು ಗಂಟೆ? ಎಚ್ಚರದಲ್ಲಿ?"

ಇದಕ್ಕೆ ಕಾರಣ ಇದೆ. ಮಂಜನನ್ನು ಯಕ್ಷಗಾನಕ್ಕೆ ಕರೆದುಕೊಂಡು ಹೋಗುವುದೂ ಒಂದೇ, ಅಕ್ಕಿ ಮೂಟೆ ಹೊತ್ತುಕೊಂಡು ಹೋಗುವುದೂ ಒಂದೇ. ಗಣಪತಿ ಪೂಜೆ ಮುಗಿಯುವಷ್ಟರಲ್ಲಿ ಒರಗುತ್ತಾನೆ. ಹಿಂದೊಮ್ಮೆ ಚಿಟ್ಟಾಣಿಯವರ ಕೀಚಕ ಇದೆ ಅಂತ ಮೂವತ್ತು ಕಿಲೋಮೀಟರ್ ಬೈಕಿನಲ್ಲಿ ಹೋಗಿದ್ದೆವು. ಸುತ್ತಲಿನವರು ಉಸಿರು ಬಿಗಿಹಿಡಿದು ಕೂತಿದ್ದರು. ಇವನು ಮಂಗಳ ಪದ್ಯಕ್ಕೆ ಎದ್ದು, ಕಣ್ಣುಜ್ಜಿಕೊಂಡು, "ಕೀಚಕ ಸತ್ನಾ?" ಎಂದ. ಮಾಸ್ತರು ಈ ಕಥೆ ಹೇಳಿ ಎಷ್ಟು ನಕ್ಕರೂ, ಆ ರಾತ್ರಿ ಅವರ ಗೊರಕೆ ಮದ್ದಳೆಗೆ ಸರಿಯಾಗಿ ತಾಳ ಹಾಕಿತ್ತು ಎಂಬುದನ್ನು ಮಾತ್ರ ಬಿಟ್ಟುಬಿಡುತ್ತಾರೆ.

ಮಂಜ ಚೀಲದಿಂದ ಗೊಂಬೆ ತೆಗೆದ. ಕಠಪುತಲಿ. ಮಾವಿನ ಮರದ ತಲೆ, ಕಿವಿ ತನಕ ಎಳೆದ ಕಣ್ಣು, ಹುರಿ ಮೀಸೆ, ಕೆಂಪು ರುಮಾಲು, ಕೆಳಗೆ ಉದ್ದ ಲಂಗ. ಗಪ್ಪಿ ಲಂಗ ಎತ್ತಿ ನೋಡಿ ಗಾಬರಿಯಾದ.

"ಕಾಲೇ ಇಲ್ವಲ್ಲೋ! ಮೋಸ ಮಾಡಿದ್ದಾನೆ ನಿಂಗೆ."

"ಅದು ಇರೋದೇ ಹಾಗೆ," ಎಂದರು ಮಾಸ್ತರು. "ಕಾಲಿಲ್ಲ, ಅದಕ್ಕೇ ದಾರ ಎಳೆದರೆ ಲಂಗ ಬೀಸಿಕೊಂಡು ತೇಲಿದಂಗೆ ಕುಣೀತದೆ. ಆಡಿಸುವವನು ಬಾಯಲ್ಲಿ ಪೀಪಿ ಇಟ್ಕೊಂಡು ಕೀಚಲು ದನಿ ತೆಗೀತಾನೆ."

ಮಂಜ ಅಲ್ಲೇ ಆಡಿಸಿ ತೋರಿಸಿದ. ರಾಜ ನನ್ನ ಚಾದಲ್ಲಿ ಬಿದ್ದ.

"ಅದಿರಲಿ, ಗವರಿ ನೋಡಿದ್ಯಾ?" ಎಂದು ಮಾಸ್ತರು ಕೇಳಿದರು.

"ಯಾವ ಬೀದಿಯಲ್ಲಿದೆ ಅದು? ಊಟ ಚೆನ್ನಾಗಿರ್ತದಾ?"

"ಹೋಟ್ಲಲ್ಲ ಮಾರಾಯ! ಭಿಲ್ಲರ ಆಟ. ರಾಖಿ ಹುಣ್ಣಿಮೆ ಮುಗಿದ ಮೇಲೆ ನಲವತ್ತು ದಿನ ಊರೂರಿನ ಬೀದಿಯಲ್ಲಿ ಆಡ್ತಾರೆ. ಹೆಣ್ಣು ವೇಷವೂ ಗಂಡಸರದ್ದೇ, ಹಿಂದೆ ನಮ್ಮ ಮೇಳದಲ್ಲಿ ಇದ್ದಂಗೆ. ಅಷ್ಟು ದಿನ ಕಾಲಿಗೆ ಚಪ್ಪಲಿ ಇಲ್ಲ, ಹೆಂಡ ಇಲ್ಲ, ಹಸಿರು ತರಕಾರಿ ಕೂಡ ಇಲ್ಲ. ನೀನು ಹೋಗಿದ್ದು ಜನವರಿಯಲ್ಲಿ. ಎಲ್ಲಿಂದ ಸಿಗ್ಬೇಕು?"

ಮಂಜನ ಮುಖ ಸಣ್ಣದಾಯಿತು. ಪಾಪ, ನಮ್ಮೂರಿಗೆ ಬಂದವರದ್ದೂ ಇದೇ ಪಾಡಲ್ವಾ? ಬೇಡರ ವೇಷ ನೋಡಬೇಕು ಅಂತ ದೀಪಾವಳಿಗೆ ಬಂದರೆ ಏನು ತೋರಿಸುವುದು? ಅದು ಮಾರಿಜಾತ್ರೆ ಇಲ್ಲದ ವರ್ಷ, ಹೋಳಿ ಮುಂಚಿನ ರಾತ್ರಿಗಳಲ್ಲಿ ಮಾತ್ರ. ಬೆನ್ನಿಗೆ ನವಿಲುಗರಿಯ ದೊಡ್ಡ ಬೀಸಣಿಗೆ ಕಟ್ಟಿ, ಕತ್ತಿ ಗುರಾಣಿ ಹಿಡಿದು, ತಮಟೆಗೆ ಹಾರಿ ಹಾರಿ ಬರುತ್ತಾನೆ. ಜನರ ಮೇಲೆ ನುಗ್ಗದಂತೆ ಇಬ್ಬರು ಹಿಂದಿನಿಂದ ಹಗ್ಗ ಹಿಡಿದಿರುತ್ತಾರೆ. ಒಂದು ವರ್ಷ ಆ ಹಗ್ಗ ನನ್ನ ಕೈಯಲ್ಲಿತ್ತು. ಹಿಡಿದಂತೆ ನಾಟಕ ಮಾಡಿದರೆ ಸಾಕು ಅಂದುಕೊಂಡಿದ್ದೆ. ಅಂಗೈ ಸಿಪ್ಪೆ ಎದ್ದು ವಾರಗಟ್ಟಲೆ ಊಟಕ್ಕೆ ಚಮಚ ಹಿಡಿದೆ.

"ಟಿಕೆಟ್ ಇಲ್ಲದ್ದು ಒಂದು ತೋರಿಸ್ತೇನೆ, ಏಳಿ," ಎಂದು ಮಾಸ್ತರು ಎದ್ದರು. ಸೀದಾ ಮಾರಿಗುಡಿಗೆ. ಒಳಗೆ ಹೋಗಿ ಗೋಡೆ ತೋರಿಸಿದರು. ಬಿಳಿ ಗೋಡೆ ಮೇಲೆ ಕೆಂಪು ಚಿತ್ರ.

"ಇದು ಯಾವಾಗ ಮಾಡಿದ್ರು?" ಎಂದ ಗಪ್ಪಿ. ಹುಟ್ಟಿದಾಗಿನಿಂದ ಈ ಗುಡಿಗೆ ಬರುವವನು. ಅವನನ್ನು ನೋಡಿ ನಗುವ ಹಾಗಿಲ್ಲ, ನಾನೂ ಪ್ರಸಾದದ ಸಾಲು ಬಿಟ್ಟು ಬೇರೇನೂ ನೋಡಿದವನಲ್ಲ.

"ಕಾವಿ ಕಲೆ," ಎಂದರು ಮಾಸ್ತರು. "ಬಣ್ಣ ಬಳಿದಿದ್ದಲ್ಲ. ಸುಣ್ಣದ ಗಾರೆ ಮೇಲೆ ಕೆಂಪು ಕಾವಿಯ ಪದರ ಹಚ್ಚಿ, ಹಸಿ ಇರುವಾಗಲೇ ಕಬ್ಬಿಣದ ಮೊನೆಯಿಂದ ಕೆರೆದು ತೆಗೀತಾರೆ. ಕೆರೆದಲ್ಲಿ ಒಳಗಿನ ಬಿಳಿ ಕಾಣ್ತದೆ. ಗಾರೆ ಒಣಗಿದರೆ ಮುಗೀತು, ತಿದ್ದಲಿಕ್ಕೆ ಬರೋದಿಲ್ಲ. ಗೋವಾದಿಂದ ನಮ್ಮ ಕರಾವಳಿ ತನಕ ಹಳೇ ಗುಡಿಗಳಲ್ಲಿ ಇದೆ."

ನಮ್ಮ ಹಿಂದೆ ಹೊರಊರಿನ ಗಂಡ ಹೆಂಡತಿ ಯಾವಾಗಲೋ ಬಂದು ನಿಂತು ಕೇಳುತ್ತಿದ್ದರು. ಗಂಡ ಮೆಲ್ಲಗೆ ಮುಂದೆ ಬಂದ.

"ಸರ್, ನೀವು ಗೈಡಾ? ಎಷ್ಟು ತಗೋತೀರಿ?"

ಮೂವತ್ತೈದು ವರ್ಷ ಪಾಠ ಮಾಡಿದರೂ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲವೇನೋ, ಮಾಸ್ತರು ಬಾಯಿ ತೆರೆದು ಹಾಗೇ ನಿಂತರು. ಉದಯಪುರದಲ್ಲಿ ದುಡ್ಡು ಕೊಟ್ಟು ಕಲಿತು ಬಂದ ಮಂಜ ತಡಮಾಡಲಿಲ್ಲ.

"ಐನೂರು," ಎಂದ. ಕೈಯಲ್ಲಿದ್ದ ರಾಜನನ್ನು ಎತ್ತಿ ಹಿಡಿದ. "ಗೊಂಬೆ ಬೇಕಾದ್ರೆ ಅದಕ್ಕೆ ಬೇರೆ. ಸ್ವಲ್ಪ ಚಾ ಬಿದ್ದಿದೆ, ಕಡಿಮೆ ಮಾಡಿ ಕೊಡ್ತೇವೆ."