ಪದ್ಮಿನಿ ಸ್ಟೀರಿಂಗ್ ಪ್ಲೇ: ಬಾಕ್ಸ್ ಟೈಟ್ ಮಾಡಿಸ್ಲಾ ಬೇಡ್ವಾ?

ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿ ಇದೆ, 1986ರದ್ದು. ಸ್ಟೀರಿಂಗ್ ನಾಲ್ಕು ಬೆರಳಷ್ಟು ತಿರುಗಿಸಿದ್ರೂ ಚಕ್ರ ಅಲ್ಲಾಡಲ್ಲ, ಐವತ್ತು ದಾಟಿದ್ರೆ ಗಾಡಿ ರಸ್ತೆ ತುಂಬಾ ಅಲೆಯುತ್ತೆ. ಈ ಪ್ಲೇ (ಸಡಿಲ) ಹೋಗೋಕೆ ಸ್ಟೀರಿಂಗ್ ಬಾಕ್ಸ್, ಅಂದ್ರೆ ಸ್ಟೀರಿಂಗ್ ತಿರುಗಿಸಿದ್ದನ್ನ ಚಕ್ರದ ರಾಡುಗಳಿಗೆ ದಾಟಿಸೋ ಗೇರ್ ಪೆಟ್ಟಿಗೆ, ಟೈಟ್ ಮಾಡಿದ್ರೆ ಸಾಕು ಅಂತಾರೆ ಮೆಕ್ಯಾನಿಕ್ಕು. ಮಾಡಿಸಿದವ್ರು ಹೇಳಿ.

—

ಬಾಕ್ಸಿಗೆ ಕೈ ಹಾಕೋದು ಕೊನೇಲಿ ಸಾರ್. ಗಾಡಿ ನೆಲದ ಮೇಲೇ ಇರ್ಲಿ, ಒಬ್ರನ್ನ ಒಳಗೆ ಕೂರ್ಸಿ ಸ್ಟೀರಿಂಗ್ ಸ್ವಲ್ಪ ಸ್ವಲ್ಪ ಆಡ್ಸೋಕೆ ಹೇಳಿ, ನೀವು ಟಾರ್ಚ್ ಹಿಡ್ಕೊಂಡು ಒಂದೊಂದೇ ಜಾಯಿಂಟ್ ಮೇಲೆ ಕೈ ಇಡಿ, ಯಾವುದು ಕಟಕ್ ಅನ್ನುತ್ತೆ ಅಂತ ಬೆರಳಿಗೇ ಗೊತ್ತಾಗುತ್ತೆ. ಬಲಗಡೆ ಬಾಕ್ಸು, ಎಡಗಡೆ ಐಡ್ಲರ್ ಆರ್ಮು (ನಡುವಿನ ರಾಡಿನ ಆ ತುದಿ ಹಿಡಿಯೋ ತೋಳು), ನಡುವೆ ಒಂದು ರಾಡು, ಆಮೇಲೆ ಚಕ್ರಕ್ಕೊಂದು ಟೈ ರಾಡು, ಇಷ್ಟೇ. ಐಡ್ಲರ್ ಬುಷ್ (ಪಿನ್ ಸುತ್ತ ಕೂರೋ ಸಣ್ಣ ಕೊಳವೆ) ಹೋಗಿದ್ರೆ ಆರ್ಮ್ ತಿರುಗೋ ಮೊದ್ಲು ಮೇಲೆ ಕೆಳಗೆ ಕುಣಿಯುತ್ತೆ, ನಮ್ಮ ಗಾಡೀಲಿ ಅರ್ಧಕ್ಕರ್ಧ ಪ್ಲೇ ಅಲ್ಲೇ ಇತ್ತು. ಬಾಕ್ಸ್ ಯಾಕೆ ಕೊನೇಲಿ ಅಂದ್ರೆ, ಒಳಗಿರೋ ವರ್ಮ್ (ಸುರುಳಿ ಹಲ್ಲಿನ ಗೇರು) ಸವೆಯೋದು ನಡುಮಧ್ಯ, ನಾವು ಜಾಸ್ತಿ ಓಡ್ಸೋದು ನೇರಕ್ಕೆ ತಾನೇ, ಎರಡು ಕೊನೇಲಿ ಸವೆತ ಕಮ್ಮಿ, ಹಾಗಾಗಿ ಮಧ್ಯದ ಪ್ಲೇ ಪೂರ್ತಿ ಹೋಗೋ ತನಕ ಸ್ಕ್ರೂ ಬಿಗಿದ್ರೆ ಫುಲ್ ತಿರುಗಿಸಿದಾಗ ಕಚ್ಕೊಳ್ಳುತ್ತೆ, ಟರ್ನಿಂಗ್ ಆದ್ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರಲ್ಲ. ಘಾಟಿ ರಸ್ತೇಲಿ ಅದು ಪ್ಲೇಗಿಂತ ಡೇಂಜರ್.

—

ಕಿಂಗ್‌ಪಿನ್ ಬಿಟ್ರಲ್ರೀ, ಮುಂದಿನ ಗಾಲಿ ಎಡಕ್ಕ ಬಲಕ್ಕ ತಿರುಗೋ ಪಿನ್ನು ಅದು. ಮುಂದಿನ ಗಾಲಿ ಜ್ಯಾಕ್ ಹಚ್ಚಿ ಎತ್ರಿ, ಮ್ಯಾಲೊಂದು ಕೈ ಕೆಳಗೊಂದು ಕೈ ಹಿಡದು ಅಲ್ಲಾಡಸ್ರಿ. ಆಟ ಇತ್ತಂದ್ರ ಒಬ್ಬರಿಗೆ ಬ್ರೇಕ್ ಒತ್ತಾಕ ಹೇಳ್ರಿ, ಆಗ ನಿಂತ್ರ ವೀಲ್ ಬೇರಿಂಗು, ನಿಲ್ಲಲಿಲ್ಲಂದ್ರ ಕಿಂಗ್‌ಪಿನ್. ಬುಷ್ ಹೊಡದ ಮ್ಯಾಲ ರೀಮರ್ (ತೂತು ಅಳತಿಗೆ ಕೊರಿಯೋ ಟೂಲು) ಹಾಕಸ್ಬೇಕು, ಮ್ಯಾಲಿಂದು ಕೆಳಗಿಂದು ಎರಡೂ ಒಂದ ಲೈನಿನ್ಯಾಗ. ಎಮರಿ ಪೇಪರ್ ತಿಕ್ಕಿ ಕೂಡಸವ್ರು ಅದಾರ, ಅಂಥಲ್ಲಿ ಗಾಡಿ ಬಿಡಬ್ಯಾಡ್ರಿ. ಬುಷ್ಷಿನ ತೂತು ಗ್ರೀಸ್ ತೂತಿಗೆ ಸರಿಯಾಗಿ ಕುಂತೈತೋ ಇಲ್ಲೋ ನೀವ ನಿಂತು ನೋಡ್ರಿ, ಇಲ್ಲಂದ್ರ ಎಷ್ಟ ಗ್ರೀಸ್ ಹೊಡದ್ರೂ ಒಳಗ ಹೋಗಂಗಿಲ್ಲ.

—

ಬಾಕ್ಸ್ ಒಳಗೆ ಏನು ತುಂಬಿದಾರೆ ನೋಡಿ. ಬೇಕಾಗಿರೋದು 90 ನಂಬರ್ ಗೇರ್ ಆಯಿಲ್. ಸೀಲ್ ಲೀಕ್ ಅಂತ ಗ್ರೀಸ್ ತುರುಕಿರ್ತಾರೆ, ಅದು ಹಲ್ಲಿನಿಂದ ಪಕ್ಕಕ್ಕೆ ಸರಿದ್ರೆ ಮತ್ತೆ ಹರಿದು ಬರಲ್ಲ. ಇನ್ನೊಂದು, ಈ ಗಾಡಿಗೆ ಬೇರೆ ಚಾಸಿ ಇಲ್ಲ, ಬಾಕ್ಸ್ ಕೂತಿರೋದು ಬಾಡಿ ಮೇಲೇ, ಬೋಲ್ಟ್ ಸುತ್ತ ತುಕ್ಕು ಹಿಡಿದು ಕ್ರ್ಯಾಕ್ ಆಗಿದ್ರೆ ಹೊಸ ಪಾರ್ಟ್ ಎಷ್ಟು ಹಾಕಿದ್ರೂ ವೇಸ್ಟು.

—

ಪಾರ್ಟ್ಸ್ ಬೆಂಗಳೂರಾದ್ರೆ ಜೆಸಿ ರೋಡಲ್ಲಿ ಹುಡುಕಿ, ಹಳೇದನ್ನ ಕೈಯಲ್ಲೇ ಹಿಡ್ಕೊಂಡು ಹೋಗಿ. ಟೈ ರಾಡ್ ಎಂಡ್ ಬಿಚ್ಚುವಾಗ ಎಷ್ಟು ಸುತ್ತು ತಿರುಗಿಸಿದ್ಮೇಲೆ ಬಂತು ಅಂತ ಎಣಿಸಿ, ಹೊಸದನ್ನ ಅಷ್ಟೇ ಸುತ್ತು ಹಾಕಿದ್ರೆ ಅಲೈನ್‌ಮೆಂಟ್ ಅಂಗಡಿ ತನಕ ಗಾಡಿ ನೆಟ್ಟಗೆ ಹೋಗುತ್ತೆ. ಸ್ಪ್ಲಿಟ್ ಪಿನ್ (ನಟ್ ಬಿಚ್ಕೊಳ್ಳದ ಹಾಗೆ ಹಿಡಿಯೋ ಪಿನ್ನು) ಮಾತ್ರ ಹಳೇದು ವಾಪಸ್ ಹಾಕ್ಬೇಡಿ, ಎಷ್ಟು ದುಡ್ಡು ಅದಕ್ಕೆ.

—

ಈಗ ನೋಡ್ದೆ, ಐಡ್ಲರ್ ಕುಣೀತಿದೆ! ಬುಷ್ ಒಂದೇ ಸಾಕಾ, ಪೂರ್ತಿ ಅಸೆಂಬ್ಲಿ ಬೇಕಾ?

—

ಬಿಚ್ಚಿ, ಪಿನ್ ಒರೆಸಿ, ಉಗುರು ಎಳೆದು ನೋಡಿ. ಗೆರೆ ತಗುಲಿದ್ರೆ ಅಸೆಂಬ್ಲಿ, ನುಣ್ಣಗಿದ್ರೆ ಬುಷ್ ಸಾಕು.