ಟವರಿಗೂ ವರ್ಗಾವಣೆ

"ಮದ್ದೂರು ದಾಟ್ತಿದ್ದಂಗೆ ಟವರ್ ಚೇಂಜ್ ಆಯ್ತು ಸಾರ್, ಅದಕ್ಕೇ ಫೋನ್ ಕಟ್ ಆಯ್ತು" ಎಂದ ಸುಬ್ಬು.

ಸಿದ್ದಪ್ಪನವರು ಒಪ್ಪಲಿಲ್ಲ. "ಅಲ್ಲಯ್ಯಾ, ರಾಮನಗರದಿಂದ ನಿಮ್ಮ ಮಾವನ ಮಂಡಿನೋವಿನ ಕತೆ ಹೇಳ್ಕೊಂಡ್ ಬಂದೆ. ಆಗೆಲ್ಲ ಟವರ್ ಸುಮ್ನಿತ್ತು. ನಾನು ಚೀಟಿ ದುಡ್ಡು ಅಂದಾಗ್ಲೇ ಬದಲಾಗ್ಬೇಕಾ?"

ಶಾಮರಾಯರು ಬೈಟು ಕಾಫಿಯ ಲೋಟ ಕೆಳಗಿಟ್ಟರು. "ಈಗ ಎಲ್ಲರ ಪಾಪಾನೂ ಟವರ್ ತಲೆಗೇ ಕಟ್ಟೋದು. ಸಾಲ ಕೇಳಿದ್ರೆ ಟವರ್, ಹೆಂಡ್ತಿ ಎಲ್ಲಿದ್ದೀರಾ ಅಂದ್ರೆ ಟವರ್! ಅದು ಬದಲಾಗೋದೇ ಕಟ್ ಆಗದೆ ಇರ್ಲಿ ಅಂತ ಕಣೋ. ಹ್ಯಾಂಡೋವರ್ ಅಂತಾರೆ. ಸಿದ್ದಪ್ಪನವರಿಗೆ ಅರ್ಥ ಆಗೋ ಹಾಗೆ ಹೇಳ್ಬೇಕಂದ್ರೆ, ಚಾರ್ಜ್ ವಹಿಸಿಕೊಡೋದು."

"ಅಯ್ಯೋ, ಅದು ಮೂರು ತಿಂಗಳ ಕೆಲಸ! ಬೀರು ಕೀಲಿ, ದಾಸ್ತಾನು ಪಟ್ಟಿ, ಕಾಣೆಯಾದ ಕಡತ..."

"ನಿಮ್ಮ ಇಲಾಖೇಲಿ. 4ಜಿಯಲ್ಲಿ ಸುಮಾರು 50 ಮಿಲಿಸೆಕೆಂಡು. ನೀವು ಕನ್ನಡಕ ಒರೆಸ್ಕೊಳ್ಳೋದ್ರೊಳಗೆ ಇಡೀ ತಾಲ್ಲೂಕು ಕಚೇರಿ ಖಾಲಿ."

"ಆದೇಶ ಹೊರಡ್ಸೋರು ಯಾರು?"

"ಈಗಿರೋ ಟವರೇ. ಚಾಡಿ ಹೇಳೋದು ಮಾತ್ರ ಫೋನು. ನೀವು ಮಾತಾಡ್ತಿರೋವಾಗ್ಲೇ ಅದು ಅಕ್ಕಪಕ್ಕದ ಟವರ್‌ಗಳ ಸಿಗ್ನಲ್ ಅಳೀತಿರುತ್ತೆ. ಹಳೇ 2ಜಿ ಫೋನ್ ಕೂಡ ಸೆಕೆಂಡಿಗೆ ಹೆಚ್ಚುಕಮ್ಮಿ ಎರಡು ಸಲ ವರದಿ ಒಪ್ಪಿಸ್ತಿತ್ತು, ಜೋರಾಗಿರೋ ಆರು ಟವರ್‌ಗಳ ಪಟ್ಟಿ ಸಮೇತ. ಈ ಟವರ್ ಪಕ್ಕದ್ದನ್ನ ಜಾಗ ಇದೆಯಾ ಅಂತ ವಿಚಾರಿಸಿ, ಇದ್ರೆ ಕಳಿಸಿಕೊಡುತ್ತೆ."

"ತನಗಿಂತ ಸಮರ್ಥನಿಗೆ ತಾನೇ ಕುರ್ಚಿ ಬಿಡುತ್ತಾ!"

"ಹಾಗಂತ ಸುಲಭಕ್ಕೂ ಬಿಡಲ್ಲ. ಪಕ್ಕದ್ದು ಒಂದು ಮೂರು ಡೆಸಿಬೆಲ್ ಆದ್ರೂ ಹೆಚ್ಚಿರ್ಬೇಕು, ಅದೂ ಸ್ವಲ್ಪ ಹೊತ್ತು ಹಾಗೇ ನಿಂತಿರ್ಬೇಕು. ಇಲ್ಲಾಂದ್ರೆ ಎರಡು ಟವರ್ ನಡುವೆ ಸಿಕ್ಕಿಕೊಂಡೋನನ್ನ ಇವು ಅತ್ತಿಂದಿತ್ತ ಎಸೆದಾಡ್ತವೆ. ಪಿಂಗ್‌ಪಾಂಗ್ ಅಂತ ಹೆಸರು. ನೆನಪಿದೆಯಾ, ಹಾಸನಕ್ಕೆ ವರ್ಗ ಆದಾಗ ನೀವು ಕೆಎಟಿಯಿಂದ, ಅದೇ ಸರ್ಕಾರಿ ನೌಕರರ ನ್ಯಾಯಮಂಡಳಿಯಿಂದ, ಸ್ಟೇ ತಂದು ವಾಪಸ್ ಬಂದ್ರಿ, ಸ್ಟೇ ತೆರವಾಯ್ತು, ಮತ್ತೆ ಹೋದ್ರಿ..."

"ಅದು ಬಿಡಿ ಈಗ."

"3ಜಿಯಲ್ಲಿ ಹೊಸ ಟವರ್ ಹಿಡಿದ ಮೇಲೇ ಹಳೇದನ್ನ ಬಿಡೋದು. ಸ್ವಲ್ಪ ಹೊತ್ತು ಎರಡೂ ಕಡೆ ಸಂಪರ್ಕ. ಹೆಚ್ಚುವರಿ ಪ್ರಭಾರ ಇದ್ದ ಹಾಗೆ. ವ್ಯತ್ಯಾಸ ಏನಂದ್ರೆ, ಟವರ್ ಎರಡೂ ಕಡೆ ಕೆಲಸ ಮಾಡುತ್ತೆ."

ಸುಬ್ಬುವಿಗೆ ಸಂಕಟ. "ಹಾಗಾದ್ರೆ ಕಟ್ ಆಗೋದೇ ಇಲ್ವಾ ಸಾರ್?"

"ಆಗುತ್ತಪ್ಪಾ. ಪಕ್ಕದ ಟವರ್ ತುಂಬಿ ತುಳುಕ್ತಿದ್ರೆ ಆಗುತ್ತೆ. ಶಿರಾಡಿ ಘಾಟಿಯ ತಿರುವಲ್ಲಿ, ವರದಿ ತಲುಪೋ ಮುಂಚೆ ಸಿಗ್ನಲ್ಲೇ ಬಿದ್ದುಹೋದ್ರೆ ಆಗುತ್ತೆ. ಮದ್ದೂರಲ್ಲಿ ಯಾವ ಘಾಟಿ? ಅಲ್ಲಿರೋದು ವಡೆ!" ರಾಯರು ಉಸಿರೆಳೆದುಕೊಂಡರು. "2015ರಲ್ಲಿ ಟ್ರಾಯ್, ಅದೇ ಫೋನ್ ಕಂಪನಿಗಳ ಮೇಲಿನ ನಿಯಂತ್ರಣ ಪ್ರಾಧಿಕಾರ, ಒಂದು ನಿಯಮ ತಂದಿತ್ತು. ಕರೆ ಕಡಿದ್ರೆ ಗ್ರಾಹಕನಿಗೆ ಒಂದು ರೂಪಾಯಿ ಪರಿಹಾರ, ದಿನಕ್ಕೆ ಮೂರು ಕರೆವರೆಗೆ. ಮರುವರ್ಷ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡ್ತು. ಒಳ್ಳೇದೇ ಆಯ್ತು. ಇಲ್ದಿದ್ರೆ ಇವನು ಅದರಲ್ಲೇ ಜೀವನ ಮಾಡ್ತಿದ್ದ."

ಸಿದ್ದಪ್ಪನವರು ನಗಲಿಲ್ಲ. ಇನ್ನೇನೋ ಯೋಚನೆ. "ರಾಯರೇ, ಆ 50 ಮಿಲಿಸೆಕೆಂಡಲ್ಲಿ ಬಂದಿದ್ದು ಏನಾಗುತ್ತೆ?"

"ಹಳೇ ಟವರ್‌ನಲ್ಲಿ ಉಳಿದ ಡೇಟಾನ ಅದು ಹೊಸದಕ್ಕೆ ದಾಟಿಸುತ್ತೆ."

"ಸಿಂಧನೂರಲ್ಲಿ ಒಬ್ಬ ಪೋಸ್ಟ್‌ಮ್ಯಾನ್ ಹಾಗೇ ಮಾಡ್ತಿದ್ದ. ನಾವು ಊರು ಬಿಟ್ಟ ಮೇಲೆ ಮಗಳ ಗೆಳತಿ ಬರೆದ ಕಾಗದಗಳು. ಹಳೇ ವಿಳಾಸಕ್ಕೆ ಗೀಟು ಹಾಕಿ, ಕೆಂಪು ಶಾಯಿಲಿ ಹೊಸದು ಬರೆದು ಕಳಿಸೋನು. ಆಮೇಲೆ ನನಗೆ ಇನ್ನೊಂದು ಊರಿಗಾಯ್ತು. ಆ ಊರಿನ ಪೋಸ್ಟ್‌ಮ್ಯಾನ್‌ಗೆ ನಾವ್ಯಾರೋ ಏನೋ. ಕಾಗದ ನಿಂತುಹೋಯ್ತು. ಆ ಹುಡುಗಿ ಹೆಸರು ಮಗಳು ಈಗಲೂ ಹೇಳ್ತಿರ್ತಾಳೆ."

ಯಾರೂ ಮಾತಾಡಲಿಲ್ಲ. ತಡೆಯಲಾರದೆ ಸುಬ್ಬುವೇ ಕೇಳಿದ: "ಸಾರ್, ಇಷ್ಟೊಂದು ವರ್ಗಾವಣೆ ಆಗುತ್ತಲ್ಲ, ಫೋನಿಗೆ ಟಿ.ಎ. ಬಿಲ್ ಉಂಟಾ?"

"ಕೇಳ್ಬೇಡ" ಎಂದರು ಸಿದ್ದಪ್ಪ. "ನಂದೇ ಸಿಂಧನೂರಿನ ಬಿಲ್ ಇನ್ನೂ ಖಜಾನೆಯಲ್ಲಿದೆ. ಲಾರಿ ಬಾಡಿಗೆ ರಸೀದಿಯ ಮೂಲ ಪ್ರತಿ ಲಗತ್ತಿಸಿ ಅಂತ ಆಕ್ಷೇಪಣೆ."