ಪದಚರ್ಚೆ: ‘ಈಗ ಬಂದ್ರಾ?’ ಮತ್ತು ‘ಏನಿ ಬಂದಿರಿ’

ಎಲ್ಲರಿಗೂ ಶರಣು.

ನಮ್ಮ ದಾವಣಗೆರೆ ಕಡೆಯ ಒಂದು ಬಳಕೆಯ ಬಗ್ಗೆ ಕೇಳಬೇಕಿತ್ತು. ನೆಂಟರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುತ್ತಾರೆ. ಬಂದಿದ್ದು ಕಣ್ಣಿಗೇ ಕಾಣುತ್ತಿದೆ. ಆದರೂ ಮನೆಯವರ ಮೊದಲ ಮಾತು ‘ಈಗ ಬಂದ್ರಾ?’ ಅಂತ. ಅವರೂ ‘ಹ್ಞೂಂ, ಈಗ ಬಂದ್ವಿ’ ಅನ್ನುತ್ತಾರೆ. ಆಮೇಲೆ ‘ಎಲ್ಲಾ ಆರಾಮಾ?’, ಕುಡಿಯೋಕೆ ನೀರು. ಮಂಡಿಪೇಟೆಯಲ್ಲಿ ಗುರುತಿನವರು ಸಿಕ್ಕರೂ ಅಷ್ಟೇ: ‘ಏನ್ರೀ, ಪ್ಯಾಟಿಗ್ ಬಂದಿದ್ರಾ?’

ಗೊತ್ತಿರೋದನ್ನೇ ಯಾಕೆ ಕೇಳ್ತೀರಿ ಅಂತ ಬೇರೆ ಊರಿನ ಗೆಳೆಯರು ಅನ್ನುವುದುಂಟು. ನಾನು ಇದನ್ನು ವಂದನೆ ಅಂತಲೇ ಎಣಿಸುತ್ತೇನೆ. ನೀವು ಬಂದಿದ್ದನ್ನು ನೋಡಿದೆ, ಸಂತೋಷ ಆಯ್ತು ಅನ್ನುವುದೇ ಅದರ ಅರ್ಥ.

ಇದು ಇತ್ತೀಚಿನ ರೂಢಿಯೂ ಅಲ್ಲ. 12ನೇ ಶತಮಾನದ ಬಸವಣ್ಣನವರ ವಚನ ಶುರುವಾಗುವುದೇ ‘ಏನಿ ಬಂದಿರಿ, ಹದುಳವಿದ್ದಿರೆ’ ಎಂದು. ಹೀಗೆ ಕೇಳಿದರೆ, ಕುಳಿತುಕೊಳ್ಳಿ ಅಂದರೆ ನಿಮ್ಮ ಗಂಟೇನು ಹೋಗುತ್ತದೆ ಅಂತ ಅವರು ಖಾರವಾಗಿಯೇ ಕೇಳುತ್ತಾರೆ. ಹದುಳ ಅಂದರೆ ಕ್ಷೇಮ. ಈಗ ಆ ಜಾಗದಲ್ಲಿ ಪಾರಸಿಯಿಂದ ಬಂದ ‘ಆರಾಮ’ ಕೂತಿದೆ. ಆದರೆ ಮೊದಲು ಬಂದದ್ದರ ಮಾತು, ಆಮೇಲೆ ಕ್ಷೇಮದ ಮಾತು ಅನ್ನುವ ಕ್ರಮ ಹಾಗೇ ಇದೆ, ನೋಡಿ. ನನಗೆ ಇದು ತುಂಬಾ ದೊಡ್ಡ ವಿಷಯ ಅನ್ನಿಸುತ್ತದೆ.

ನಮ್ಮ ‘ಊಟ ಆಯ್ತಾ?’ದಂಥ ಮಾತು ಚೀನೀಯರಲ್ಲೂ ಇದೆ. ಥಾಯ್ಲೆಂಡಿನಲ್ಲಿ ಎದುರಾದವರನ್ನು ‘ಪೈ ನೈ?’, ಅಂದರೆ ‘ಎಲ್ಲಿಗೆ ಹೋಗ್ತಿದೀರಿ?’ ಅಂತ ಮಾತಾಡಿಸುತ್ತಾರೆ. ಸುಮ್ನೆ ಹೀಗೇ ಹೊರಟೆ ಅಂದರೂ ಸಾಕು, ಸರಿಯಾದ ಉತ್ತರವೇ ಬೇಕಂತಿಲ್ಲ. ನಮ್ಮಲ್ಲಿ ಮಾತ್ರ ಇದು ನಡೆಯೋಲ್ಲ. ಹೊರಟವರನ್ನು ‘ಎಲ್ಲಿಗೆ’ ಅಂದರೆ ಹಿರಿಯರು ಗದರುತ್ತಾರೆ. ‘ದೂರ ಹೊರಟ್ರಾ?’ ಅನ್ನಬೇಕು.

ಈಗ ನನ್ನ ಪ್ರಶ್ನೆ. ವಚನದ ‘ಏನಿ’ ನಮ್ಮ ‘ಏನ್ರೀ’ಯ ಹಾಗೆ ಕರೆಯುವ ಮಾತಾ, ಇಲ್ಲ ಬರೀ ‘ಏನು’ ಅನ್ನುವ ಪ್ರಶ್ನೆಯಾ? ಹಳಗನ್ನಡ ಓದಿದವರು ಬೇರೆ ಪ್ರಯೋಗಗಳ ಜೊತೆ ತಿಳಿಸಿದರೆ ಚೆನ್ನ. ‘ಹದುಳ’ ಯಾರ ಮನೆಮಾತಿನಲ್ಲಾದರೂ ಈಗಲೂ ಇದೆಯಾ? ಹೊಸದುರ್ಗ, ಚಳ್ಳಕೆರೆ, ಮೊಳಕಾಲ್ಮೂರು ಕಡೆಯವರು ಬಂದವರನ್ನು ಮೊದಲು ಏನಂತ ಮಾತಾಡಿಸುತ್ತಾರೆ? ಅದಕ್ಕೆ ಬಂದವರು ಕೊಡುವ ಉತ್ತರವನ್ನೂ, ಆಡುವ ಹಾಗೇ, ಬರೆಯಿರಿ.